ಎಂಟು ಜಿಬಿ ಹಾಕಿದೆ, ಮೂರೂಕಾಲು ಸಿಕ್ಕಿತು

ಡೊಂಬಿವಲಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ಮದುವೆಯ ಕರೆಯೋಲೆ, ಯಕ್ಷಗಾನದ ಕರಪತ್ರ, ಸಂಘಗಳ ವಾರ್ಷಿಕ ವರದಿ, ಹೀಗೆ ಮುಂಬಯಿಯ ಕನ್ನಡಿಗರಿಗೆ ಬೇಕಾದ ಪುಟಗಳನ್ನು ಇಲ್ಲಿ ಕುಳಿತು ಸಿದ್ಧಪಡಿಸಿ ಅಚ್ಚುಕೂಟಕ್ಕೆ ಕಳುಹಿಸುತ್ತೇನೆ. ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ಸೋದರಮಾವ. ಅವರು ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದ ಕಂಪೋಸಿಟರ್.

ಒಂದು ಮಳೆಗಾಲದಲ್ಲಿ ಊರಿನವರ ಸಂಘವೊಂದರ ಸ್ಮರಣ ಸಂಚಿಕೆ ಬಂತು. 96 ಪುಟ, ಪುಟಪುಟಕ್ಕೂ ಹಳೆಯ ಫೋಟೋ. ನನ್ನ ಕಂಪ್ಯೂಟರಿನಲ್ಲಿ ಆಗ ಇದ್ದದ್ದು 4 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ), ತಿರುಗುವ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಕ್ಷರ ಮಾತ್ರ ಇದ್ದ ಪುಟಗಳು ಸರಾಗವಾಗಿ ಓಡಿದವು. ಫೋಟೋಗಳು ಸೇರತೊಡಗಿದ ಮೇಲೆ ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಚಹಾ ಕುಡಿದು ಬರುವಷ್ಟು ಹೊತ್ತು ಬೇಕಾಯಿತು. ಡಿಸ್ಕ್ ದುಡಿಯುವಾಗ ಉರಿಯುವ, ಡಬ್ಬದ ಮುಂದಿನ ಕೆಂಪು ದೀಪ ಆರುವುದನ್ನೇ ಮರೆತಿತ್ತು.

ನಾನು ವೈರಸ್ ಎಂದುಕೊಂಡೆ. ಎರಡು ದಿನ ಅದರಲ್ಲೇ ಹೋಯಿತು. ‘ಮೆಮೊರಿ ಸ್ವಚ್ಛಗೊಳಿಸುವ’ ತಂತ್ರಾಂಶವೊಂದನ್ನೂ ಹಾಕಿದೆ. ಅದು ಮೆಮೊರಿಯಲ್ಲಿದ್ದುದನ್ನೆಲ್ಲ ಡಿಸ್ಕಿಗೆ ಅಟ್ಟಿ, ಮರುಕ್ಷಣ ಅದನ್ನೇ ಮತ್ತೆ ಒಳಗೆ ತರುವಂತೆ ಮಾಡಿ, ಇದ್ದ ವೇಗವನ್ನೂ ಕಳೆಯಿತು. ಅಂಥವುಗಳನ್ನು ಇಂದಿಗೂ ಜನ ಹಾಕಿಕೊಳ್ಳುತ್ತಾರೆ ಎಂದರೆ ನನಗೆ ಸಿಟ್ಟು ಬರುತ್ತದೆ.

ಮೂರನೆಯ ದಿನ ಟಾಸ್ಕ್ ಮ್ಯಾನೇಜರ್ ತೆರೆದು ಅಂಕಿಗಳನ್ನು ನೋಡುವ ಬುದ್ಧಿ ಬಂತು. ಪ್ರೊಸೆಸರ್ ಶೇಕಡಾ ಹತ್ತರ ಆಸುಪಾಸಿನಲ್ಲಿ ಆಕಳಿಸುತ್ತಿತ್ತು. ಮೆಮೊರಿ ಶೇಕಡಾ 95. ಡಿಸ್ಕ್ 100. ಪಕ್ಕದ ರಿಸೋರ್ಸ್ ಮಾನಿಟರಿನಲ್ಲಿ ‘ಹಾರ್ಡ್ ಫಾಲ್ಟ್’ ಎಂಬ ಅಂಕಣವಿದೆ. ಕಂಪ್ಯೂಟರು ಮೆಮೊರಿಯನ್ನು ಸಣ್ಣ ತುಂಡುಗಳಾಗಿ ಎಣಿಸುತ್ತದೆ, ಅವಕ್ಕೂ ‘ಪುಟ’ ಎಂದೇ ಹೆಸರು. ಬೇಕಾದ ಪುಟ ರ‍್ಯಾಮಿನಲ್ಲಿ ಇಲ್ಲದೆ ಡಿಸ್ಕಿಗೆ ಹೋಗಿ ತರಬೇಕಾದಾಗಲೆಲ್ಲ ಆ ಲೆಕ್ಕ ಒಂದು ಏರುತ್ತದೆ. ತಂತ್ರಾಂಶ ತೆರೆಯುವಾಗ ಒಂದಿಷ್ಟು ಏರಿ ಇಳಿದರೆ ಅದು ಸಹಜ. ನನ್ನಲ್ಲಿ ಅದು ಇಳಿಯಲೇ ಇಲ್ಲ.

4 ಎಂಬಿಯ ಫೋಟೋಗಳು 4 ಜಿಬಿಯನ್ನು ಹೇಗೆ ತಿಂದವು? ಇಲ್ಲೇ ನಾನು ಎಡವಿದ್ದೆ. ಡಿಸ್ಕಿನಲ್ಲಿರುವ ಜೆಪೆಗ್ ಹಿಂಡಿ ಮಡಿಸಿಟ್ಟ ಬಟ್ಟೆ. ತೆರೆದರೆ ಪೂರ್ತಿ ಹರಡಿಕೊಳ್ಳುತ್ತದೆ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 2480ಕ್ಕೆ 3508, ಅಂದರೆ ಸುಮಾರು 87 ಲಕ್ಷ ಚುಕ್ಕೆಗಳು. ಚುಕ್ಕೆಗೆ ಮೂರು ಬೈಟ್ ಹಿಡಿದರೆ 26 ಎಂಬಿ. ಅಚ್ಚಿನ ನಾಲ್ಕು ಬಣ್ಣಕ್ಕೆ ಬದಲಿಸಿದರೆ 35. ಅದೇ ಹಾಳೆಯನ್ನು 600 ಚುಕ್ಕೆಯಲ್ಲಿ ಸ್ಕ್ಯಾನ್ ಮಾಡಿದ್ದರೆ ನಾಲ್ಕು ಪಟ್ಟು. ನಾನು ‘ಚೆನ್ನಾಗಿ ಬರಲಿ’ ಎಂದು ಎಲ್ಲವನ್ನೂ 600ರಲ್ಲೇ ಮಾಡಿದ್ದೆ. ಮೇಲಿಂದ ತಿದ್ದುಪಡಿಯ ಪದರಗಳು, ‘ಹಿಂದಕ್ಕೆ ಹೋಗು’ ಎನ್ನಲು ಬೇಕಾಗುವ ಹಳೆಯ ಪ್ರತಿಗಳು, ಜೊತೆಗೆ ಹದಿನೈದು ಟ್ಯಾಬ್ ತೆರೆದ ಬ್ರೌಸರ್.

ಮೆಮೊರಿ ಸಾಲದಾದಾಗ ವಿಂಡೋಸ್ 10 ಮೊದಲು ಒಳಗಿರುವುದನ್ನು ಒತ್ತಿ ಹಿಂಡಿ ಜಾಗ ಮಾಡುತ್ತದೆ. ಅದೂ ಸಾಲದಿದ್ದರೆ ಕೆಲವು ಪುಟಗಳನ್ನು ಡಿಸ್ಕಿನಲ್ಲಿರುವ ಪೇಜ್ ಫೈಲಿಗೆ ಸಾಗಿಸುತ್ತದೆ. ಮಾವನಿಗೆ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವರಿಗೆ ತಕ್ಷಣ ಹೊಳೆಯಿತು. “ಕೇಸಿನಲ್ಲಿ ಮೊಳೆ ಮುಗಿದ ಹಾಗೆ ಆಯಿತಲ್ಲ ಮಾರಾಯ” ಎಂದರು. ಹೆಚ್ಚು ಬಳಸುವ ಅಕ್ಷರದ ಮೊಳೆಗಳು ಕೈಗೆಟಕುವ ಖಾನೆಯಲ್ಲಿರುತ್ತಿದ್ದವು. ಅವು ತೀರಿದರೆ ಕಟ್ಟಿಟ್ಟ ಹಳೆಯ ಪುಟವೊಂದನ್ನು ಬಿಚ್ಚಿ ತರಬೇಕಿತ್ತು.

ಕಂಪ್ಯೂಟರಿನಲ್ಲಿ ಆ ದೂರ ಇನ್ನೂ ಕ್ರೂರ. ರ‍್ಯಾಮಿನಿಂದ ಒಂದು ಸಂಗತಿ ತರಲು ಹಿಡಿಯುವುದು ಸುಮಾರು 100 ನ್ಯಾನೊಸೆಕೆಂಡು. ತಿರುಗುವ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡು, ಅಂದರೆ ಒಂದು ಲಕ್ಷ ಪಟ್ಟು. ಖಾನೆಯಿಂದ ಮೊಳೆ ಎತ್ತಲು ಮಾವನಿಗೆ ಒಂದು ಸೆಕೆಂಡು ಸಾಕು ಎಂದಿಟ್ಟುಕೊಳ್ಳಿ. ಡಿಸ್ಕಿನ ಮೊಳೆಗಾಗಿ ಅವರು ಮತ್ಸ್ಯಗಂಧ ರೈಲು ಹತ್ತಿ ಮಂಗಳೂರಿಗೆ ಹೋಗಿ ಹೆಚ್ಚುಕಡಿಮೆ ಮರಳಿ ಬರಬೇಕಾಗುತ್ತಿತ್ತು. ಒಂದು ಮೊಳೆಗೆ! ತಿರುಗುವ ಭಾಗವಿಲ್ಲದ ಡಿಸ್ಕಾದ ಎಸ್‌ಎಸ್‌ಡಿಯಾದರೆ ಈ ಪ್ರಯಾಣ ಡೊಂಬಿವಲಿಯಿಂದ ಕಲ್ಯಾಣಕ್ಕೆ ಹೋಗಿ ಬಂದಷ್ಟು. ಎಷ್ಟೋ ವಾಸಿ, ಆದರೂ ಅದು ಖಾನೆಯಲ್ಲ.

ಸರಿ, ರ‍್ಯಾಮ್ ಹಾಕೋಣವೆಂದು ಹೊರಟೆ. ದಾದರಿನಲ್ಲಿ ಪಶ್ಚಿಮ ರೈಲ್ವೆಗೆ ಬದಲಾಯಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಒಂದು ಅಂಗಡಿಯವನು ಇಡೀ ಕಂಪ್ಯೂಟರನ್ನೇ ಬದಲಿಸು ಎಂದ. ಇನ್ನೊಬ್ಬ ಡಿಡಿಆರ್4 ಎಂಬ ಬಗೆಯ ಮೆಮೊರಿ ಪಟ್ಟಿ ಕೊಡಲು ಬಂದ. ನನ್ನ ಮದರ್‌ಬೋರ್ಡು ಡಿಡಿಆರ್3. ಎರಡರ ಅಂಚಿನ ಕಚ್ಚು ಬೇರೆಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದೇ ಇಲ್ಲ. ಹಳೆಯ ಪಟ್ಟಿಯೊಂದನ್ನು ಕಿತ್ತು ಜೇಬಿನಲ್ಲಿ ಒಯ್ದಿದ್ದರಿಂದ ಬಚಾವಾದೆ. ಇದ್ದದ್ದು ಎರಡೇ ತೋಡು, ಎರಡರಲ್ಲೂ 2 ಜಿಬಿ. ಹಾಗಾಗಿ ಎರಡನ್ನೂ ತೆಗೆದು 4 ಜಿಬಿಯ ಜೋಡಿ ಹಾಕಬೇಕಿತ್ತು. ಒಂದೇ 8 ಜಿಬಿ ಪಟ್ಟಿಗಿಂತ ಜೋಡಿಯೇ ಲೇಸು. ಎರಡು ದಾರಿಯಲ್ಲಿ ಏಕಕಾಲಕ್ಕೆ ದತ್ತಾಂಶ ಹರಿಯುತ್ತದೆ.

ರಾತ್ರಿ ಹಾಕಿ ಗುಂಡಿ ಒತ್ತಿದೆ. ಪರದೆಯ ಮೇಲೆ ಬಂದದ್ದು: ಅಳವಡಿಸಿದ ಮೆಮೊರಿ 8 ಜಿಬಿ, ಬಳಸಬಹುದಾದದ್ದು 3.23 ಜಿಬಿ.

ಮೋಸವಾಯಿತು ಎಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ತಪ್ಪು ನನ್ನದು. ನನ್ನ ವಿಂಡೋಸ್ 32 ಬಿಟ್‌ನದು. 32 ಬಿಟ್‌ಗಳಿಂದ (ಅಂದರೆ 32 ಸೊನ್ನೆ-ಒಂದುಗಳಿಂದ) ಬರೆಯಬಹುದಾದ ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296, ಅಷ್ಟೇ. ಬೈಟಿಗೊಂದು ವಿಳಾಸವಾದರೆ 4 ಜಿಬಿಗೆ ಮುಗಿಯಿತು. ಅದರಲ್ಲೂ ಮೇಲ್ತುದಿಯ ಒಂದಿಷ್ಟು ವಿಳಾಸಗಳು ಗ್ರಾಫಿಕ್ಸ್ ಮೊದಲಾದ ಸಾಧನಗಳಿಗೆ ಮೀಸಲು. ಅಂದರೆ ಹಳೆಯ 4 ಜಿಬಿಯೂ ನನಗೆ ಎಂದೂ ಪೂರ್ತಿ ದಕ್ಕಿರಲಿಲ್ಲ! ಮನೆ ಕಟ್ಟಿಸಿಯೂ ವಿಳಾಸವಿಲ್ಲದಿದ್ದರೆ ಅಂಚೆಯವನು ಬರುವುದಾದರೂ ಎಲ್ಲಿಗೆ?

32 ಬಿಟ್‌ನಲ್ಲೇ ಉಳಿಯಲು, ಹೆಚ್ಚು ವಿಳಾಸ ಬರೆಯಬಲ್ಲ 64 ಬಿಟ್‌ಗೆ ಹೋಗದಿರಲು, ನನಗೊಂದು ಕಾರಣವಿತ್ತು. ಹಳೆಯ ಸ್ಕ್ಯಾನರನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, 32 ಬಿಟ್‌ಗೆ ಮಾತ್ರ ಇತ್ತು, ಮತ್ತು 64 ಬಿಟ್ ವಿಂಡೋಸ್ ಅಂಥ ಡ್ರೈವರನ್ನು ಒಪ್ಪುವುದಿಲ್ಲ. ಸಂಚಿಕೆಯ ಫೋಟೋಗಳೆಲ್ಲ ಸ್ಕ್ಯಾನ್ ಆಗಿದ್ದರಿಂದ ಧೈರ್ಯ ಮಾಡಿದೆ. ಒಂದರಿಂದ ಇನ್ನೊಂದಕ್ಕೆ ಹಾಗೇ ಏರುವ ದಾರಿಯಿಲ್ಲ. ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲಿಸಿ, ಅಳಿಸಿ, ಹೊಸದಾಗಿ ಹಾಕಬೇಕು. ಪರವಾನಗಿ ಹಳೆಯದೇ ನಡೆಯಿತು. ಕನ್ನಡ ಫಾಂಟುಗಳನ್ನು ಮತ್ತೆ ಹಾಕಲು ಅರ್ಧ ದಿನ ಹೋಯಿತು, ಆ ಕಥೆ ಬೇಡ.

ಫೋಟೋಗಳನ್ನು 300ಕ್ಕೆ ಇಳಿಸಿದೆ. ಅದೇ ಕಡತ, ಅದೇ ಬ್ರೌಸರ್, ಎಲ್ಲ ತೆರೆದಾಗ ಬಳಕೆ 5ರಿಂದ 6 ಜಿಬಿ. ಹಾರ್ಡ್ ಫಾಲ್ಟ್ ಹೆಚ್ಚಿನ ಹೊತ್ತು ಸೊನ್ನೆ. ಕೆಂಪು ದೀಪ ಆರಿತು. ಸಂಚಿಕೆ ನಾಲ್ಕು ದಿನದಲ್ಲಿ ಮುಗಿಯಿತು.

ಆಮೇಲೆ ದುರಾಸೆ ಹುಟ್ಟಿತು. ಗೆಳೆಯನಿಂದ 8 ಜಿಬಿಯ ಜೋಡಿ ಪಟ್ಟಿಗಳನ್ನು ಎರವಲು ತಂದು 16 ಮಾಡಿ ನೋಡಿದೆ. ಗಡಿಯಾರ ಹಿಡಿದು ಅಳೆದರೂ ಪುಟ ತೆರೆಯುವ ವೇಗದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಮಿಕ್ಕ ಜಾಗವನ್ನು ವಿಂಡೋಸ್ ಹಿಂದೆ ಓದಿದ ಕಡತಗಳನ್ನು ಇಟ್ಟುಕೊಳ್ಳಲು ಬಳಸಿತು, ಅಷ್ಟೇ. ಪಟ್ಟಿಗಳನ್ನು ಹಿಂದಿರುಗಿಸಿ, ಉಳಿದ ಹಣಕ್ಕೆ ಎಸ್‌ಎಸ್‌ಡಿ ಕೊಂಡೆ. ಯಂತ್ರ ಎದ್ದು ನಿಲ್ಲುವ ಹೊತ್ತು ಅದರಿಂದ ಇಳಿಯಿತು. ರ‍್ಯಾಮಿನಿಂದ ಅದು ಇಳಿದಿರಲಿಲ್ಲ. ವಿಡಿಯೊ ಕತ್ತರಿಸುವವರಿಗೆ 16 ಬೇಕೇ ಬೇಕಾದೀತು, ಅವರು ತಮ್ಮ ಅಂಕಿಗಳನ್ನು ನೋಡಿಕೊಳ್ಳಲಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಕನಿಷ್ಠ 4 ಜಿಬಿ ಸಾಕೆನ್ನುತ್ತದೆ, ಆದರೆ ನನ್ನ ಪ್ರೊಸೆಸರನ್ನೇ ಅದು ಒಪ್ಪಲಿಲ್ಲ. ಹೊಸ ಯಂತ್ರ ಕೊಂಡು, ಹಳೆಯದಕ್ಕೆ ವಿಂಡೋಸಿನ ಬದಲು 64 ಬಿಟ್‌ನ ಲಿನಕ್ಸ್ ಮಿಂಟ್ ಹಾಕಿ ಮೂಲೆಯಲ್ಲಿಟ್ಟೆ. ಸುಮ್ಮನೆ ಎಂದು ಆ ಹಳೆಯ ಸ್ಕ್ಯಾನರನ್ನು ಸಿಕ್ಕಿಸಿದೆ. ಯಾವ ಡ್ರೈವರನ್ನೂ ಕೇಳದೆ ಅದು ಗರಗರ ಎಂದು ಎದ್ದು ಕುಳಿತಿತು.