ಫಿಲಿಪ್ಪೀನ್ಸ್‌ನಲ್ಲಿ ಕ್ರಿಸ್‌ಮಸ್ ಕಳೆಯುವವರಿಗೆ

ಫಿಲಿಪ್ಪೀನ್ಸ್‌ನಲ್ಲಿ ಕ್ರಿಸ್‌ಮಸ್ ಸಡಗರ ಸೆಪ್ಟೆಂಬರಿನಲ್ಲೇ ಶುರುವಾಗುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಊರಿಗೆ ಮರಳುವವರ ನೂಕುನುಗ್ಗಲು ಇರುವುದರಿಂದ ಟಿಕೆಟ್ಟು, ವಸತಿಗಳನ್ನು ಬಹಳ ಮೊದಲೇ ಕಾಯ್ದಿರಿಸಿಕೊಳ್ಳಬೇಕು. ಸಾಧ್ಯವಾದರೆ ಡಿಸೆಂಬರ್ 16ಕ್ಕೆ ಮುಂಚೆ ತಲುಪಿ. ಅಂದಿನಿಂದ 24ರವರೆಗೆ ಒಂಬತ್ತು ದಿನ ನಸುಕಿನಲ್ಲಿ ನಡೆಯುವ ‘ಸಿಂಬಾಂಗ್ ಗಾಬಿ’ ಬಲಿಪೂಜೆಯನ್ನು (ಚರ್ಚಿನ ಸಾಮೂಹಿಕ ಆರಾಧನೆ) ತಪ್ಪಿಸಿಕೊಂಡರೆ ನಿಜಕ್ಕೂ ನಷ್ಟವೇ. ಸೆಖೆಯೆಂದು ಚಡ್ಡಿ ತೊಟ್ಟು ಚರ್ಚಿಗೆ ಹೋಗದೆ, ಮೈಮುಚ್ಚುವ ತೆಳುವಾದ ಹತ್ತಿ ಬಟ್ಟೆ ಧರಿಸಿ. ಪೂಜೆ ಮುಗಿದೊಡನೆ ಚರ್ಚಿನ ಹೊರಗೆ ಬಿಬಿಂಗ್ಕಾ ಮಾರುವವರ ಬಳಿ ನಿಲ್ಲಿ: ತೆಂಗಿನ ಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಾಳೆಲೆ ಹಾಸಿದ ಮಣ್ಣಿನ ಪಾತ್ರೆಗೆ ಹುಯ್ದು, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಅದನ್ನು ಬಿಸಿಯಾಗಿರುವಾಗಲೇ ತಿನ್ನಬೇಕು, ಅದಕ್ಕೆ ಮೊಟ್ಟೆ ಸೇರಿರುತ್ತದೆಂಬುದನ್ನು ಸಸ್ಯಾಹಾರಿಗಳು ಗಮನಿಸಿ. 24ರ ಮಧ್ಯರಾತ್ರಿಯ ‘ನೋಚೆ ಬ್ವೇನಾ’ ಮನೆಮಂದಿಯೆಲ್ಲ ಕೂಡಿ ಮಾಡುವ ಊಟ. ಯಾರಾದರೂ ಕರೆದರೆ ಸಣ್ಣ ಉಡುಗೊರೆಯೊಡನೆ ಹೋಗಿ, ಇಲ್ಲವಾದರೆ ಸಂಜೆಯೊಳಗೇ ಊಟ ತಂದಿಟ್ಟುಕೊಳ್ಳಿ.