ಆರನೇ ಜಾರ್ಜ್ ರೂಪಾಯಿಗೆ ಮನೆಯಲ್ಲೇ ಗ್ರೇಡ್ ಹಾಕಿದ್ದು: ನನ್ನ ಅನುಭವ

ನಾಣ್ಯದ ಸ್ಥಿತಿ ನೋಡಿ 1ರಿಂದ 70ರವರೆಗಿನ ಅಂಕಿಯಲ್ಲಿ ಗ್ರೇಡ್ ಹಾಕುವ ಹೊರದೇಶದ ಕಂಪನಿಗೆ ಕೊನೆಯ ಸಲ ಕಳಿಸಿದ್ದು 19 ನಾಣ್ಯ. 14ಕ್ಕೆ ನಾನು ಚೀಟಿಯಲ್ಲಿ ಬರೆದಿಟ್ಟಿದ್ದ ಗ್ರೇಡೇ ಬಂತು. ನಾಲ್ಕಕ್ಕೆ ಒಂದಂಕಿ ಆಚೀಚೆ, ಒಂದು ಮಾತ್ರ 'ಡಿಟೇಲ್ಸ್' ಆಗಿ, ಅಂದರೆ ದೋಷ ಇದೆ ಅಂತ ಅಂಕಿ ಸಿಗದೆ ವಾಪಸಾಯಿತು. ಮನೆಯಲ್ಲಿ ಕೂತು 63 ಯಾವುದು, 64 ಯಾವುದು ಅಂತ ಹೇಳೋಕಾಗಲ್ಲ, ಅದೆಲ್ಲ ಲಾಟರಿ ಅಂತ ನಾಣ್ಯ ಕೂಡಿಡುವ ನಮ್ಮವರೇ ಹೇಳುತ್ತಿದ್ದರು. ಹೇಳಬಹುದು. ಆದರೆ ಕೈಗೆ ಸಿಕ್ಕ ನಾಣ್ಯಕ್ಕೆಲ್ಲ ಅಲ್ಲ, ಒಂದೇ ಸರಣಿ ಹಿಡಿದು ಕೂತರೆ ಮಾತ್ರ.

ನಾನು ಹಿಡಿದದ್ದು ಬ್ರಿಟಿಷ್ ದೊರೆ ಆರನೇ ಜಾರ್ಜ್ ಮುಖವಿರುವ, 1940ರಿಂದ 1945ರವರೆಗಿನ ರೂಪಾಯಿ. 100 ವರ್ಷ ತುಂಬಿದ ನಾಣ್ಯ 1972ರ ಕಾಯ್ದೆಯ ಲೆಕ್ಕದಲ್ಲಿ ಪುರಾತನ ವಸ್ತು, ನಾವು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡ್ ಕೈಬಿಟ್ಟಿದ್ದು ಅದಕ್ಕೇ. ಇನ್ನೊಂದು ಕಾರಣ ಲೋಹ. 1940ರಲ್ಲಿ ಬೆಳ್ಳಿ 91.7ರಿಂದ 50 ಪರ್ಸೆಂಟಿಗೆ ಇಳಿಯಿತು; ಉಳಿದದ್ದು ತಾಮ್ರ 40, ನಿಕ್ಕಲ್ 5, ಸತು 5. ತೂಕ ಮಾತ್ರ ಅದೇ 11.66 ಗ್ರಾಂ. ಈ ಮಿಶ್ರಣದಲ್ಲಿ ಸವೆತ ಬಣ್ಣದಲ್ಲೇ ಸಿಕ್ಕಿಬೀಳುತ್ತದೆ. ಮುಟ್ಟದ ಮೈ ಬೆಳ್ಳಗೆ, ಉಜ್ಜಿಸಿಕೊಂಡ ಉಬ್ಬು ಸ್ವಲ್ಪ ಹಳದಿ ಬೆರೆತ ಬೂದಿ. ಎಯು 58ನ್ನು (ಎಯು ಅಂದರೆ ಚೂರು ಸವೆದದ್ದು, 60ರ ಕೆಳಗೆ) ಎಂಎಸ್ (ಸವೆತವೇ ಇಲ್ಲದ್ದು, 60 ಮತ್ತು ಮೇಲೆ) ಅಂದುಕೊಂಡು ಕೊಳ್ಳುವ ತಪ್ಪು ಇಲ್ಲಿ ಅರ್ಧ ಕಡಿಮೆ.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ. ಮೊದಲ ಎರಡು ಕಂತಿನಲ್ಲಿ 26 ನಾಣ್ಯ ಹೋದವು. ಶುಲ್ಕ, ಸಾಗಣೆ, ವಿಮೆ, ಮಧ್ಯವರ್ತಿಯ ಕಮಿಷನ್ ಎಲ್ಲ ಸೇರಿ ನಾಣ್ಯಕ್ಕೆ ಸುಮಾರು 3,500, ಒಟ್ಟು 90 ಸಾವಿರದ ಹತ್ತಿರ. ಅದರಲ್ಲಿ 11 ಡಿಟೇಲ್ಸ್. ಏಳು 'ಕ್ಲೀನ್ಡ್' (ಯಾರೋ ಉಜ್ಜಿದ್ದು), ಎರಡು ಗೀರು, ಒಂದು ಪಿವಿಸಿ ಪ್ಲಾಸ್ಟಿಕ್ ಕವರಿನಿಂದ ಹತ್ತಿದ ಹಸಿರು ಜಿಡ್ಡು, ಒಂದಕ್ಕೆ ಅಂಚಿನಲ್ಲಿ ಬೆಸುಗೆ ತೆಗೆದ ಗುರುತು. ಬೆಸುಗೆಯದ್ದು ಸರಕ್ಕೆ ಕಟ್ಟಿದ್ದ ನಾಣ್ಯ. ಮುಖದ ಮೇಲೆ ಏನೂ ಕಾಣದು. ಅಂಚಿನ ಗೆರೆಗಳನ್ನು ಸುತ್ತಲೂ ತಿರುಗಿಸಿ ನೋಡಿದರೆ 12 ಗಂಟೆಯ ಜಾಗದಲ್ಲಿ ಎರಡು ಮೂರು ಗೆರೆ ತುಂಬಿಕೊಂಡಿರುತ್ತವೆ. ಗೀರು ಬಿದ್ದದ್ದು ನನ್ನ ಕೈಯಲ್ಲೇ: ರಟ್ಟಿನ ಹೋಲ್ಡರಿನಿಂದ ಹೊರಗೆ ಎಳೆಯುವಾಗ ಸ್ಟೇಪಲ್ ತುದಿ ತಾಗಿದೆ. ಈಗ ನಾಲ್ಕೂ ಪಿನ್ ಪೂರ್ತಿ ಕಿತ್ತು, ರಟ್ಟನ್ನು ಪುಸ್ತಕದ ಹಾಗೆ ಬಿಡಿಸಿದ ಮೇಲೇ ನಾಣ್ಯ ಮುಟ್ಟುವುದು.

ಆ ಏಳು ಕ್ಲೀನ್ಡ್ ನನಗೆ ಯಾಕೆ ಕಾಣಲಿಲ್ಲ? ದೀಪದ ತಪ್ಪು. ಟ್ಯೂಬ್‌ಲೈಟಿನ ಕೆಳಗೆ, ಹರಡಿದ ಎಲ್‌ಇಡಿ ಬೆಳಕಿನಲ್ಲಿ ಕೂದಲೆಳೆ ಗೀರು ಮಾಯವಾಗುತ್ತವೆ. ಬೇಕಾದದ್ದು ಹಳೆಯ 75 ವ್ಯಾಟಿನ ತಂತಿ ಬಲ್ಬು, ಒಂದೇ ದಿಕ್ಕಿನಿಂದ, ನಾಣ್ಯದಿಂದ ಗೇಣುದ್ದ ಮೇಲೆ. ಕೋಣೆಯ ಉಳಿದ ದೀಪವೆಲ್ಲ ಆರಬೇಕು. ಅಂಚು ಹಿಡಿದು ನಿಧಾನವಾಗಿ ಓರೆ ಮಾಡಿದರೆ ಹೊಳಪಿನ ಪಟ್ಟಿ ಬಂಡಿಚಕ್ರದ ಅರಗಳ ಹಾಗೆ ಸುತ್ತುತ್ತದೆ. ಆ ಅರ ಎಲ್ಲೂ ಕಡಿಯದೆ ಕೆನ್ನೆಯ ಮೇಲೂ ಹಾದುಹೋದರೆ ಎಂಎಸ್. ಕೆನ್ನೆ, ಹುಬ್ಬು, ಕಿವಿಯ ಮೇಲಿನ ಕೂದಲು, ಕಿರೀಟದ ಪಟ್ಟಿ, ಇವುಗಳಲ್ಲಿ ಒಂದು ಕಡೆ ಕಡಿದರೂ ಎಯು. ಅರ ಸುತ್ತಿಯೂ ಅದರೊಳಗೆ ಒಂದೇ ದಿಕ್ಕಿಗೆ ಸಣ್ಣ ಗೆರೆಗಳ ಗುಂಪು ಮಿಂಚಿದರೆ ಯಾರೋ ಒರೆಸಿದ್ದಾರೆ ಅಂತಲೇ ಅರ್ಥ.

ಇಲ್ಲೊಂದು ಎಚ್ಚರ. ಅಚ್ಚೊತ್ತು ಸರಿಯಾಗಿ ಬೀಳದ ನಾಣ್ಯವನ್ನು ಸವೆದದ್ದು ಅಂದುಕೊಂಡು ನಾನು ಒಳ್ಳೊಳ್ಳೆಯ ಮೂರು ನಾಣ್ಯ ಬಿಟ್ಟಿದ್ದೇನೆ. ಅಚ್ಚು ಬೀಳದ್ದರಲ್ಲೂ ಸವೆದದ್ದರಲ್ಲೂ ಕಿವಿ ಮೇಲಿನ ಕೂದಲು ಮಸುಕೇ. ಆದರೆ ಅಚ್ಚು ತಲುಪದ ಜಾಗದಲ್ಲಿ ಬಿಲ್ಲೆಯ ಮೂಲ ಒರಟುತನ ಉಳಿದಿರುತ್ತದೆ, ಹೊಳಪೂ ಇರುತ್ತದೆ. ಸವೆದ ಜಾಗ ನುಣ್ಣಗೆ, ಸತ್ತ ಬಣ್ಣ. 5 ಪಟ್ಟಿನ ಭೂತಗನ್ನಡಿ ಸಾಕು. 10 ಪಟ್ಟಿನದು ಅನುಮಾನ ಬಂದ ಜಾಗಕ್ಕೆ ಮಾತ್ರ, ಅದರಲ್ಲೇ ಗ್ರೇಡ್ ಹಾಕಿದರೆ ಎಲ್ಲ ನಾಣ್ಯವೂ 61 ಆಗಿಬಿಡುತ್ತದೆ.

ಕಂಪನಿಯಲ್ಲಿ ಒಂದು ನಾಣ್ಯವನ್ನು ಒಬ್ಬರಿಗಿಂತ ಹೆಚ್ಚು ಜನ ಬೇರೆ ಬೇರೆಯಾಗಿ ನೋಡುತ್ತಾರೆ, ಮಾಲೀಕ ಯಾರು ಅಂತ ಅವರಿಗೆ ಗೊತ್ತಿರುವುದಿಲ್ಲ. ನಾನೊಬ್ಬನೇ ಇದ್ದೇನೆ, ಹಾಗಾಗಿ ಮೂರು ದಿನ ಮೂರು ಜನ ಆಗುತ್ತೇನೆ. ನಾಣ್ಯ ಇಡುವ ಪುಟ್ಟ ಕವರಿನ (ಫ್ಲಿಪ್) ಮೇಲೆ ನಂಬರ್ ಮಾತ್ರ. ಕೊಟ್ಟ ಬೆಲೆ, ಇಸವಿ ಏನೂ ಬರೆಯುವುದಿಲ್ಲ. ನಾಲ್ಕೈದು ದಿನ ಬಿಟ್ಟು ಬಿಟ್ಟು ಮೂರು ಸಲ ನೋಡಿ, ಚೀಟಿ ಮಡಚಿ ಡಬ್ಬಿಗೆ. ಒಂದು ನಾಣ್ಯಕ್ಕೆ ಹತ್ತು ಸೆಕೆಂಡು, ಬಹಳ ಅಂದರೆ ಹದಿನೈದು. ಮೂರರಲ್ಲಿ ನಡುವಿನ ಅಂಕಿ ನನ್ನ ಗ್ರೇಡ್. ಅತಿ ಕಡಿಮೆಗೂ ಅತಿ ಹೆಚ್ಚಿಗೂ ಎರಡಂಕಿಗಿಂತ ಜಾಸ್ತಿ ಅಂತರ ಬಂದರೆ ಆ ನಾಣ್ಯ ಕಳಿಸುವುದಿಲ್ಲ, ಅದರಲ್ಲಿ ನನಗೆ ತಿಳಿಯದ್ದು ಏನೋ ಇದೆ. ಏಟಿನ ಗುರುತಿಗೆ ನನ್ನ ಕಟ್ಟುನಿಟ್ಟು ಹೀಗೆ: ಹಿಂಬದಿಯ ಹೂಬಳ್ಳಿಯ ಒಳಗಿನ ನಾಲ್ಕು ಏಟಿಗಿಂತ ಕೆನ್ನೆಯ ಮೇಲಿನ ಒಂದು ಏಟು ಭಾರ. ಕೆನ್ನೆಯಲ್ಲಿ ಬರಿಗಣ್ಣಿಗೆ ಕಾಣುವ ಏಟು ಒಂದಿದ್ದರೂ 63 ದಾಟಿಸುವುದಿಲ್ಲ. ಡಿಪ್ ಮಾಡಿ, ಅಂದರೆ ಕಪ್ಪು ತೆಗೆಯುವ ದ್ರಾವಣದಲ್ಲಿ ಅದ್ದಿ ತೊಳೆದ ನಾಣ್ಯ ಪತ್ತೆ ಮಾಡೋಕೆ ದೀಪವನ್ನು ಇಡುವ ಒಂದು ಜಾಗ ಇದೆ. ಅದನ್ನು ಇಲ್ಲಿ ಬರೆಯಲ್ಲ, ಎರಡು ವರ್ಷದ ದುಡ್ಡು ಸುರಿದು ಕಂಡುಕೊಂಡದ್ದು.

ಒಂದು ಸಣ್ಣ ಪ್ರಯೋಗವನ್ನೂ ಹೇಳಬೇಕು. ನಮ್ಮ ಕಡೆ ಬರುವ ರೂಪಾಯಿ ಬಹುಪಾಲು ಪೂಜೆ ತಟ್ಟೆಯದ್ದು. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲು ಬೆಳ್ಳಿ ಸಾಮಾನಿನ ಜೊತೆ ಅದಕ್ಕೂ ಉಜ್ಜುವಿಕೆ ಆಗಿರುತ್ತದೆ. ಯಾವುದರಿಂದ ಉಜ್ಜಿದರೆ ಏನಾಗುತ್ತದೆ ಅಂತ ನಾಲ್ಕು ಸವೆದ ರೂಪಾಯಿ ಬಲಿ ಕೊಟ್ಟೆ. ವಿಭೂತಿ: ತೀರಾ ಸಣ್ಣ, ಸುತ್ತು ಸುತ್ತಾದ ಗೆರೆ, ಟ್ಯೂಬ್‌ಲೈಟಿನಲ್ಲಿ ಕಾಣುವುದೇ ಇಲ್ಲ. ಟೂತ್‌ಪೇಸ್ಟು: ಆಳವಾದ ಗೆರೆ, ಅಕ್ಷರಗಳ ಸಂದಿಯಲ್ಲಿ ಬಿಳಿ ಪುಡಿ. ಹುಣಸೆಹಣ್ಣು: ಗೆರೆ ಕಡಿಮೆ, ಆದರೆ ಮೈ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡು, ಅಲ್ಲಲ್ಲಿ ಉಳಿದಿದ್ದ ಹೊಳಪೂ ಹೋಯಿತು. ನಾಲ್ಕನೆಯದಕ್ಕೆ ಅರಿಶಿನ ಕುಂಕುಮ ಹಚ್ಚಿ ಒಂದು ವಾರ ಬಿಟ್ಟು ಅಸಿಟೋನಿಗೆ ಹಾಕಿದೆ. ಅರಿಶಿನ ಹತ್ತು ನಿಮಿಷದಲ್ಲಿ ಬಿಟ್ಟಿತು, ಕುಂಕುಮ ಇಸವಿಯ ಸಂದಿಯಲ್ಲಿ ಉಳಿಯಿತು. ಉಳಿದರೆ ಉಳಿಯಲಿ, ಕಡ್ಡಿ ಹಾಕಿ ಕೆರೆಯಬೇಡಿ.

ಅಸಿಟೋನ್ ಅಂದರೆ ಶುದ್ಧ ಅಸಿಟೋನ್, ನೇಲ್‌ಪಾಲಿಶ್ ರಿಮೂವರ್ ಅಲ್ಲ. ಗಾಜಿನ ಬಟ್ಟಲು, ಕಿಟಕಿ ತೆರೆದು, ಬೆಂಕಿ ದೂರ. ಅರ್ಧ ಗಂಟೆ ನೆನೆಸಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಗಾಳಿಗೆ ಆರಲು ಬಿಡುವುದು. ಎರಡನೇ ಅದ್ದು ಬಿಟ್ಟರೆ ಕರಗಿದ ಜಿಡ್ಡೇ ಮತ್ತೆ ಮೈಮೇಲೆ ಕೂರುತ್ತದೆ. ಒರೆಸಲೇಬಾರದು. ಪಿವಿಸಿ ಜಿಡ್ಡು ಇದರಲ್ಲಿ ಹೋಗುತ್ತದೆ. ಅದು ಲೋಹವನ್ನು ತಿಂದು ಕುಳಿ ಬಿದ್ದಿದ್ದರೆ ಏನು ಮಾಡಿದರೂ ಇಲ್ಲ.

ಈಗಿನ ಲೆಕ್ಕ: 1,200ರಿಂದ 1,800 ಕೊಟ್ಟು ತರುವ ನಾಣ್ಯ, ಮೇಲೆ 3,500. ಅಂದರೆ 5,000 ಅಸಲು. ನನಗೆ 63 ಮಾರಿದಾಗ ಅಸಲೇ ಹೊರಟಿಲ್ಲ, 64 ಮಾರಿದರೆ ಸಾವಿರ ಎರಡು ಸಾವಿರ ಉಳಿದಿದೆ, 65 ಬಂದರೆ ಮಾತ್ರ ಖರ್ಚಿನ ದುಪ್ಪಟ್ಟು. ಹಾಗಾಗಿ ನಡುವಿನ ಅಂಕಿ 64 ಮುಟ್ಟದ ನಾಣ್ಯ ಮನೆಯಲ್ಲೇ ಉಳಿಯುತ್ತದೆ. ಕೊಳ್ಳುವ ಹತ್ತರಲ್ಲಿ ಕಳಿಸುವುದು ಎರಡೋ ಮೂರೋ. ಮೊಬೈಲ್ ಫೋಟೋ ನೋಡಿ ಆರಿಸಲು ಹೋಗಿ ಕೆಟ್ಟಿದ್ದೇನೆ, ನಿಂತ ಚಿತ್ರದಲ್ಲಿ ಅರ ಸುತ್ತುವುದಿಲ್ಲವಲ್ಲ. ಓರೆ ಮಾಡಿ ತೆಗೆದ ಹತ್ತು ಸೆಕೆಂಡಿನ ವಿಡಿಯೋ ಕಳಿಸದ ಮಾರಾಟಗಾರನಿಂದ ಈಗ ಕೊಳ್ಳುವುದಿಲ್ಲ.

ಇದೇ ಕ್ರಮವನ್ನು 1947ರ, ಹಿಂಬದಿಯಲ್ಲಿ ಹುಲಿ ಇರುವ ರೂಪಾಯಿಗೂ ಹಾಕಿ ನೋಡಿದೆ. ಅದು ಅಪ್ಪಟ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ, ಲೋಹ ಗಟ್ಟಿ. ಸವೆತ ಬಣ್ಣದಲ್ಲಿ ಕಾಣದು, ಅಚ್ಚೂ ಎಷ್ಟೋ ಕಡೆ ಅರೆಬರೆ. ಆರರಲ್ಲಿ ನಾಲ್ಕಕ್ಕೆ ನನ್ನ ಗ್ರೇಡ್ ಒಂದಂಕಿ ಮೇಲಾಯಿತು. ದೀಪ ಇನ್ನಷ್ಟು ತಗ್ಗಿಸಿ, ಹುಲಿಯ ಬೆನ್ನಿನ ಮೇಲಿಂದ ಬೀಳುವ ಹಾಗೆ ಇಟ್ಟು ಮತ್ತೆ ಎಂಟು ನಾಣ್ಯ ನೋಡುತ್ತಿದ್ದೇನೆ. ಎರಡನೇ ಸುತ್ತು ಮುಗಿದಿದೆ.