ಒಂದೇ ಬಂಡೆ, ಇಡೀ ಡೈವ್: ನೇತ್ರಾಣಿಯಲ್ಲಿ ನನ್ನ ಅನುಭವ

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡುವಾಗ, ಹವಳದ ತೂತಿನಲ್ಲಿರುವ ಬ್ಲೆನ್ನಿ ಅನ್ನೋ ಪುಟ್ಟ ಮೀನಿನ ಮುಖ ಕೊನೆಗೂ ಕ್ಯಾಮೆರಾಗೆ ಸಿಕ್ಕಿತು. ಕಣ್ಣಿನ ಸುತ್ತಲಿನ ಗೆರೆ, ಮೇಲಿನ ಕವಲೊಡೆದ ಎಳೆಗಳು, ಎಲ್ಲಾ ಎಣಿಸುವಷ್ಟು ಶಾರ್ಪ್. ಇಡೀ ಡೈವ್ ಒಂದೇ ಹವಳದ ಬಂಡೆ ಮುಂದೆ ಇದ್ದು ತೆಗೆದ ಫೋಟೊ ಅದು. ಈ ವಿಧಾನ ಹೇಳಿದಾಗ ಜೊತೆಯವರು ಯಾರೂ ಒಪ್ಪಿರಲಿಲ್ಲ. "ಇಷ್ಟು ದುಡ್ಡು ಕೊಟ್ಟು ಒಂದೇ ಕಡೆ ಇರ್ತೀರಾ? ಸುತ್ತಾಡಿದ್ರೆ ತಾನೇ ಏನಾದ್ರೂ ಸಿಗೋದು" ಅಂದರು.

ಸುತ್ತಾಡಿಯೂ ನೋಡಿದ್ದೆ. ಎರಡು ಡೈವ್‌ಗೆ ಸುಮಾರು 7,000. ಕೋಲಾರದಿಂದ ಮುರುಡೇಶ್ವರಕ್ಕೆ ಹೋಗಿ ಬರುವುದು, ರೂಮು, ಊಟ ಸೇರಿ ಒಂದು ಸಲಕ್ಕೆ 12,000 ಹತ್ತಿರ ಆಗುತ್ತಿತ್ತು. ಕೈಗೆ ಸಿಕ್ಕಿದ್ದು ಬರೀ ಮೀನಿನ ಬಾಲ. ಗುಂಪು ಬಂದರೆ ಮೀನು ಓಡದೇ ಇರುತ್ತಾ? ಸಿಲಿಂಡರಿನ ಗಾಳಿಯೂ ಬೇಗ ಮುಗಿಯುತ್ತೆ. ಈಜಾಡಿದರೆ ನನಗೆ 40 ನಿಮಿಷ. ಒಂದೇ ಕಡೆ ಇದ್ದರೆ 10 ಮೀಟರ್ ಆಳದಲ್ಲಿ ಅದೇ ಸಿಲಿಂಡರ್ ಗಂಟೆ ಹತ್ತಿರ ಬರುತ್ತೆ.

ತೂತು ಜಾಸ್ತಿ ಇರುವ ಬಂಡೆ ನೋಡಿಕೊಳ್ಳಿ. ಹವಳಕ್ಕೆ ಕೈ, ಕಾಲಿಗೆ ಹಾಕಿದ ಫಿನ್ ಏನೂ ತಾಗಬಾರದು, ತೇಲಿಕೊಂಡೇ ಇರಬೇಕು. ಮೊದಲ ಐದಾರು ನಿಮಿಷ ನಾನು ಕ್ಯಾಮೆರಾ ಎತ್ತುವುದೇ ಇಲ್ಲ. ಒಂದಡಿ ಜಾಗ ಮಾತ್ರ ನೋಡುತ್ತೇನೆ. ಒಳಗೆ ಹೋದ ಬ್ಲೆನ್ನಿ ಸ್ವಲ್ಪ ಹೊತ್ತಿಗೆ ಅದೇ ತೂತಿನಿಂದ ಇಣುಕುತ್ತೆ. ಕಪ್ಪು ಪಟ್ಟೆಯ ನೀಲಿ ಕ್ಲೀನರ್ ರ್ಯಾಸ್ ಮೀನು ಕಂಡರಂತೂ ಅಲ್ಲೇ ಇದ್ದುಬಿಡಿ. ಮೈ ಕ್ಲೀನ್ ಮಾಡಿಸಿಕೊಳ್ಳೋಕೆ ದೊಡ್ಡ ಮೀನುಗಳು ತಾವೇ ಬಂದು ಬಾಯಿ ತೆರೆದು ನಿಲ್ಲುತ್ತವೆ. ಹವಳದಲ್ಲಿರುವ ಕ್ರಿಸ್ಮಸ್ ಟ್ರೀ ವರ್ಮ್ ಅನ್ನೋ ಹುಳುವಿನ ಮೇಲೆ ಮಾತ್ರ ನೆರಳು ಬೀಳಬಾರದು, ಬಿದ್ದರೆ ತಟ್ಟನೆ ಒಳಕ್ಕೆ. ಉಸಿರು ಹಿಡಿಯಬೇಡಿ, ನಿಧಾನಕ್ಕೆ ಬಿಡುವಾಗ ಕ್ಲಿಕ್ ಮಾಡಿ. ಯಾವ ಹೊತ್ತಿಗೆ ಬಂಡೆಯ ಯಾವ ಮಗ್ಗುಲು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡು ಜಾಸ್ತಿ ತಿಂದಿದ್ದು ಬೆಳಕು. ಐದಾರು ಮೀಟರ್ ಇಳಿದರೆ ಕೆಂಪು ಬಣ್ಣ ಹೋಗಿಬಿಡುತ್ತೆ, ಟಾರ್ಚ್ ಇಲ್ಲದೆ ಎಲ್ಲಾ ನೀಲಿ. ಆನ್‌ಲೈನಲ್ಲಿ 3,500ಕ್ಕೆ ತರಿಸಿದ ಟಾರ್ಚ್ ಮೇಲೆ 100 ಮೀಟರ್ ಅಂತ ಬರೆದಿತ್ತು. 12 ಮೀಟರ್‌ಗೇ ನೀರು ನುಗ್ಗಿತು. ಮಾರಿದವರು ವಾಪಸ್ ತಗೊಳ್ಳಲೂ ಇಲ್ಲ. ಎರಡನೆಯದಕ್ಕೆ 9,000 ಕೊಟ್ಟೆ, ಇವತ್ತಿಗೂ ಉರಿಯುತ್ತಿದೆ. ಆದರೆ ನೀರಲ್ಲಿ ತೇಲುವ ಕಣಗಳ ಮೇಲೆ ಬೆಳಕು ಬಿದ್ದು ಫೋಟೊ ತುಂಬಾ ಬಿಳಿ ಚುಕ್ಕೆ.

ಆ ಚುಕ್ಕೆ ಹೋಗಿಸಿದ್ದು ಮನೆಯಲ್ಲಿ. ಖಾಲಿ ಇದ್ದ ಫಿಶ್ ಟ್ಯಾಂಕಿಗೆ ನೀರು ತುಂಬಿ ಚಿಟಿಕೆ ರಾಗಿ ಹಿಟ್ಟು ಉದುರಿಸಿದೆ. ಒಲಿಂಪಸ್ ಟಿಜಿ-6 ಕ್ಯಾಮೆರಾವನ್ನು ಹಾಗೇ ಮುಳುಗಿಸಿ, ತಳದಲ್ಲಿಟ್ಟ ನಾಣ್ಯ ತೆಗೆದೆ. ಟಾರ್ಚ್ ಲೆನ್ಸ್ ಪಕ್ಕದಲ್ಲೇ ಇದ್ದರೆ ನಾಣ್ಯವೇ ಕಾಣದಷ್ಟು ಚುಕ್ಕೆ. ಒಂದು ಗೇಣು ದೂರ ಸರಿಸಿ, ಪಕ್ಕದಿಂದ ಓರೆಯಾಗಿ ಬಿಟ್ಟರೆ ಬಹುಪಾಲು ಮಾಯ. ಹಾಲನ್ನೂ ಹಾಕಿ ನೋಡಿದೆ. ನೀರು ಪೂರ್ತಿ ಮಬ್ಬಾಯಿತೇ ಹೊರತು ಚುಕ್ಕೆ ಬರಲಿಲ್ಲ, ರಾಗಿ ಹಿಟ್ಟೇ ಸರಿ. ಆಮೇಲೆ ಪಿವಿಸಿ ಪೈಪಿನ ತುಂಡಿಗೆ ಒಳಗೆ ಕಪ್ಪು ಬಣ್ಣ ಬಳಿದು ಟಾರ್ಚ್ ಬಾಯಿಗೆ ಸಿಕ್ಕಿಸಿದೆ. ಖರ್ಚು ನೂರು ರೂಪಾಯಿಯೂ ಇಲ್ಲ. ಬೆಳಕು ಮೀನಿನ ಮುಖದ ಮೇಲೆ ಮಾತ್ರ ಬೀಳುತ್ತೆ, ಹಿಂದೆಲ್ಲಾ ಕಪ್ಪು. ಇದೇ ಟಾರ್ಚ್ ಹಿಡಿದು ರಾತ್ರಿ ನಮ್ಮ ಅವರೆ ಹೊಲದಲ್ಲಿ ಹುಳು ಹುಡುಕಿದೆ. ಎಲೆಯಲ್ಲಿ ಎಲೆಯಾಗಿ ಕೂತ ಮಿಡತೆ ಕಾಣೋಕೆ ಶುರುವಾದ ಮೇಲೆ ಹವಳದಲ್ಲೂ ಕಣ್ಣು ಓಡಿತು.

ನಿಜವಾದ ತೊಂದರೆ 'buddy'ಯದ್ದು, ಅಂದರೆ ನೀರಲ್ಲಿ ಜೊತೆಗೇ ಇರುವ ಡೈವರ್‌ದು. ಗೈಡ್ ಗುಂಪಿನ ಜೊತೆ ಮುಂದೆ ಹೋಗುತ್ತಾರೆ, ನೀವೊಬ್ಬರೇ ಹಿಂದೆ ಉಳಿಯೋ ಹಾಗಿಲ್ಲ. ಚಿಂತಾಮಣಿಯ ಗೆಳೆಯರೊಬ್ಬರಿಗೂ ಇದೇ ಹುಚ್ಚು. ಇಬ್ಬರೂ ಸೇರಿ ಬೇರೆ ಗೈಡ್ ತಗೊಳ್ಳುತ್ತೇವೆ, 2,500ರ ಆಸುಪಾಸು, ಅರ್ಧರ್ಧ. ಇದನ್ನು ಬುಕಿಂಗ್ ಮಾಡುವಾಗಲೇ ಹೇಳಿಡಿ. ದೋಣಿ ಹತ್ತಿದ ಮೇಲೆ ಕೇಳಿದರೆ ಯಾರೂ ಒಪ್ಪಲ್ಲ.